ಖಾಲಿ ಚೀಲದ ತೂಕ

"ಗೆರೆ ದಾಟಬೇಡಿ ಸಿಸ್ಟರ್," ಎಂದರು ಡಾಕ್ಟರಮ್ಮ, ಕೈಗವಸು ಏರಿಸಿಕೊಳ್ಳುತ್ತ. "ಇವತ್ತು ನೀವು ಸಿಸ್ಟರ್ ಅಲ್ಲ, ಅಜ್ಜಿ."

ಹೆರಿಗೆ ಕೋಣೆಯ ಬಾಗಿಲಿಗೆ ಒಂದು ಮೊಳ ಈಚೆ ನೆಲದ ಮೇಲೆ ಎಳೆದಿದ್ದ ಆ ಕೆಂಪು ಗೆರೆಯನ್ನು ಮೂವತ್ತೊಂದು ವರ್ಷದಿಂದ ದಿನಕ್ಕೆ ಹತ್ತು ಸಲ ದಾಟಿದ ಕಾಲುಗಳು ತೂಕದಮ್ಮನವು. ಗೆರೆ ಅಳಿಸಿ ಹೋದಾಗಲೆಲ್ಲ ಬಣ್ಣ ತರಿಸಿ ಹೊಡೆಸಿದವಳೂ ಅವಳೇ. ಹೊರಗಿನವರು, ಸಂಬಂಧಿಕರು, ಚಪ್ಪಲಿ ಹಾಕಿದವರು ಯಾರೂ ಇದನ್ನು ದಾಟಕೂಡದು ಎಂದು ಎಷ್ಟೋ ಗಂಡಂದಿರನ್ನೂ ಅದಕ್ಕಿಂತ ಹೆಚ್ಚು ಅತ್ತೆಯರನ್ನೂ ಗದರಿಸಿ ಹಿಂದಕ್ಕೆ ಕಳಿಸಿದ್ದಳು. ಈಗ ಒಳಗೆ ಮಲಗಿದ್ದವಳು ಅವಳ ಮಗಳು. ತಾನು ಎಳೆಸಿದ ಗೆರೆ ತನ್ನ ಕಾಲಿಗೇ ಅಡ್ಡ ಬಂತಲ್ಲ ಎಂದುಕೊಂಡು ತೂಕದಮ್ಮ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಾಗಿಲ ಗಾಜಿನಿಂದ ಒಳಗೊಮ್ಮೆ ಇಣುಕಿ, "ಬಲಗೈಲಿ ಮಾಡು, ನೆನಪಿರಲಿ," ಎಂದು ಕೂಗಿ, ಪಕ್ಕದ ತೂಕದ ಕೋಣೆಗೆ ಹೋದಳು.

ಕೂಗಿ ಹೇಳಿದ್ದು ಎಡಚಿಗೆ. ಎಂಟು ತಿಂಗಳಿಂದ ತೂಕದಮ್ಮನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ನರ್ಸ್ ಅವಳು. ಊಟ, ಬರಹ, ಕತ್ತರಿ, ಸೂಜಿ ಎಲ್ಲದಕ್ಕೂ ಎಡಗೈಯೇ ಮುಂದೆ ಬರುವ ಹುಡುಗಿ.

ತೂಕದಮ್ಮ ಎನ್ನುವುದು ಆಸ್ಪತ್ರೆಯವರು ಇಟ್ಟ ಹೆಸರು. ಎದುರಿಗೆ ಸಿಸ್ಟರ್, ಬೆನ್ನ ಹಿಂದೆ ತೂಕದಮ್ಮ. ಮಗು ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೂ ಬಳ್ಳಿಯಲ್ಲಿ, ಮಾಸಿನಲ್ಲಿ ಒಂದಿಷ್ಟು ರಕ್ತ ಉಳಿದಿರುತ್ತದೆ. ಹಿಂದೆಲ್ಲ ಅದು ಬಕೆಟ್ಟಿಗೆ ಹೋಗುತ್ತಿತ್ತು. ಅದರೊಳಗೆ ಹೊಸ ರಕ್ತವನ್ನೇ ಹುಟ್ಟಿಸಬಲ್ಲ ಕಣಗಳಿವೆ, ತೆಗೆದು ಮೈಕೊರೆಯುವ ತಂಪಿನಲ್ಲಿ ಕಾಪಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ ಎಂದು ಗೊತ್ತಾದ ಮೇಲೆ, ಈ ಆಸ್ಪತ್ರೆಯಲ್ಲಿ ಮೊದಲು ಆ ಕೆಲಸ ಕಲಿತವಳು ಆಕೆ. ಬಳ್ಳಿಯ ನರಕ್ಕೆ ಸೂಜಿ ಚುಚ್ಚಿ ಚೀಲವನ್ನು ಮಂಚಕ್ಕಿಂತ ಕೆಳಗೆ ಹಿಡಿದರೆ ರಕ್ತ ತಾನಾಗಿ ಇಳಿಯುತ್ತದೆ. ಹೆಪ್ಪುಗಟ್ಟದಿರಲೆಂದು ಚೀಲದಲ್ಲಿ ಮೊದಲೇ ಒಂದಿಷ್ಟು ಔಷಧ ಇರುತ್ತದೆ; ಅದರೊಂದಿಗೆ ಬೆರೆಯಲು ಚೀಲವನ್ನು ತೊಟ್ಟಿಲಿನ ಹಾಗೆ ತೂಗುತ್ತಿರಬೇಕು. ಐದು ನಿಮಿಷದ ಕೆಲಸ, ಆದರೆ ಆ ಐದು ನಿಮಿಷ ತಪ್ಪಿದರೆ ಆ ಮಗುವಿನ ಪಾಲಿಗೆ ಇನ್ನೊಂದು ಸಲ ಅದು ಬರುವುದಿಲ್ಲ. ಬೇರೆಯವರು ಅರವತ್ತು ಎಪ್ಪತ್ತು ಗ್ರಾಂ ತೆಗೆದರೆ ತೂಕದಮ್ಮ ನೂರಕ್ಕೆ ಕಡಿಮೆ ತೆಗೆದದ್ದು ಅಪರೂಪ. ರಕ್ತ ಕಾಪಿಡುವ ಬ್ಯಾಂಕಿನವರು ಚೀಲವನ್ನು ಕೈಗೆತ್ತಿಕೊಂಡ ಕೂಡಲೇ "ಇದು ದೊಡ್ಡ ಸಿಸ್ಟರ್ ಕೈಯದು" ಎನ್ನುತ್ತಾರಂತೆ. ಪೆಟ್ಟಿಗೆ ಒಯ್ಯುವ ಡ್ರೈವರ್ ಬಂದು ಹೇಳಿದ ಈ ಮಾತನ್ನು ಅವಳು ಅವನ ಬಾಯಿಂದ ಮೂರು ಸಲ ಹೇಳಿಸಿದ್ದಳು, ಕಿವಿ ಸರಿಯಾಗಿ ಕೇಳಿಸುವುದಿಲ್ಲ ಎಂಬ ನೆಪ ಹೂಡಿ.

ಇಷ್ಟು ದೊಡ್ಡ ಕೈ ಇಟ್ಟುಕೊಂಡು ಇವತ್ತು ಸುಮ್ಮನೆ ಕೂರಬೇಕಾಗಿತ್ತು. ಅದೂ ಯಾವ ದಿನ! ಅವಳ ಮೊಮ್ಮಗಳು, ಮನೆಯವರೆಲ್ಲ ಗುಬ್ಬಿ ಎಂದು ಕರೆಯುವ ಆರು ವರ್ಷದ ಹುಡುಗಿ, ಮೈಯಲ್ಲಿ ಸರಿಯಾಗಿ ರಕ್ತ ತಯಾರಾಗದ ಕಾಯಿಲೆ ಹೊತ್ತೇ ಹುಟ್ಟಿದವಳು. ಮೂರು ವಾರಕ್ಕೊಮ್ಮೆ ಯಾರದೋ ರಕ್ತ ಹಾಕಿಸಿಕೊಂಡು ಬದುಕುತ್ತಿದ್ದಳು. ಮಗಳು ಮತ್ತೆ ಬಸುರಿಯಾದಾಗ ಮಾಡಿಸಿದ ಪರೀಕ್ಷೆಯಲ್ಲಿ ಎರಡು ಸಂಗತಿ ತಿಳಿದವು. ಹುಟ್ಟಲಿರುವ ಮಗುವಿಗೆ ಆ ಕಾಯಿಲೆ ಇಲ್ಲ. ಅದರ ರಕ್ತ ಅಕ್ಕನ ಮೈಗೆ ಕೂಡಿಬರುತ್ತದೆ. ರಕ್ತದ ಡಾಕ್ಟರು ಒಂದು ಚೀಟಿಯಲ್ಲಿ ತೊಂಬತ್ತು ಎಂದು ಬರೆದು ಕೊಟ್ಟಿದ್ದರು. ಗುಬ್ಬಿಯ ಮೈತೂಕಕ್ಕೆ ಕಡಿಮೆಯೆಂದರೂ ತೊಂಬತ್ತು ಗ್ರಾಂ ಬಳ್ಳಿಯ ರಕ್ತ. ಅಷ್ಟು ಸಿಕ್ಕರೆ ಕೆಲವು ತಿಂಗಳಲ್ಲೇ ಚಿಕಿತ್ಸೆ ಶುರು. ಸಿಗದಿದ್ದರೆ, ಹುಟ್ಟಿದ ಮಗು ಬೆಳೆದು ಅದರ ಮೂಳೆಯೊಳಗಿನ ಮಜ್ಜೆ ತೆಗೆಯುವಂತಾಗುವ ತನಕ ಕಾಯಬೇಕು, ಎರಡು ವರ್ಷವೋ ಮೂರೋ. ಅಲ್ಲಿಯವರೆಗೆ ಮತ್ತೆ ಅದೇ ಸೂಜಿ, ಅದೇ ಯಾರದೋ ರಕ್ತ, ಪ್ರತಿ ಚೀಲದ ಜೊತೆ ಆ ಪುಟ್ಟ ಮೈಯಲ್ಲಿ ಇನ್ನಷ್ಟು ಬೇಡದ ಕಬ್ಬಿಣ.

"ತೊಂಬತ್ತು ತಾನೆ? ಕಣ್ಣುಮುಚ್ಚಿ ತೆಗೀತೀನಿ," ಎಂದು ತೂಕದಮ್ಮ ಡಾಕ್ಟರಮ್ಮನಿಗೆ ಹೇಳಿದ್ದಳು.

"ರಕ್ತಸಂಬಂಧದವರು ಚುಚ್ಚಕೂಡದು ಅಂತ ನಿಯಮ ಮಾಡಿಸಿದ್ದು ಯಾರು ಸಿಸ್ಟರ್?"

ಮಾಡಿಸಿದವಳು ಅವಳೇ. ಹಿಂದೊಮ್ಮೆ ಒಬ್ಬ ನರ್ಸ್ ತನ್ನ ತಂಗಿಯ ಹೆರಿಗೆಯಲ್ಲಿ ತಾನೇ ಮುಂದೆ ನಿಂತು, ಕೈ ನಡುಗಿ ನರ ಹರಿದು, ಇದ್ದಬದ್ದ ರಕ್ತವೆಲ್ಲ ನೆಲದ ಪಾಲಾಗಿತ್ತು. ಅವತ್ತು ಆ ನರ್ಸಿಗೆ ಬಾಯಿಗೆ ಬಂದಂತೆ ಬೈದಿದ್ದಳು.

ತೂಕದ ಕೋಣೆ ಎಂದರೆ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಒಂದು ಮೇಜು, ಮೇಜಿನ ಮೇಲೆ ಕರೆಂಟಿನ ತಕ್ಕಡಿ, ಗೋಡೆಗೆ ಖಾಲಿ ಚೀಲಗಳ ಕಪಾಟು, ಮೂಲೆಯಲ್ಲಿ ಕೊಕ್ಕೆಯಿರುವ ಕಬ್ಬಿಣದ ಸ್ಟ್ಯಾಂಡು. ಹೆರಿಗೆ ಕೋಣೆಗೂ ಇದಕ್ಕೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ತುಂಬಿದ ಚೀಲ ಆ ಕಿಂಡಿಯಿಂದ ಬರುತ್ತದೆ. ತೂಕ ನೋಡುವವರು ಯಾರಾದರೂ ಆಗಬಹುದು, ಅದಕ್ಕೆ ಸಂಬಂಧದ ಅಡ್ಡಿಯಿಲ್ಲ. ಸಾಮಾನ್ಯವಾಗಿ ಅದು ಕಲಿಯುವವರ ಕೆಲಸ. ತೂಕದಮ್ಮ ಕುರ್ಚಿ ಎಳೆದುಕೊಂಡು ಕೂತಳು, ಎದ್ದಳು, ಕಪಾಟಿನ ಚೀಲಗಳನ್ನು ಎಣಿಸಿದಳು, ಮತ್ತೆ ಕೂತಳು. ತಕ್ಕಡಿಯ ಮೇಲೆ ಧೂಳಿದೆ ಅನ್ನಿಸಿತು. ಇರಲಿಲ್ಲ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ಹಾಗೆ ತೂಕದಮ್ಮ ತಕ್ಕಡಿಯ ಪ್ಲಗ್ಗು ಕಿತ್ತು, ಸ್ಪಿರಿಟ್ಟಿನ ಹತ್ತಿಯಿಂದ ಅದರ ತಟ್ಟೆಯನ್ನೂ ಗುಂಡಿಗಳನ್ನೂ ಮೂಲೆಮೂಲೆ ಒರೆಸಿ, ಮತ್ತೆ ಪ್ಲಗ್ಗು ಹಾಕಿದಳು. ತಕ್ಕಡಿ ಕಣ್ಣು ಬಿಟ್ಟು ಸೊನ್ನೆ ತೋರಿಸಿತು.

ಬಾಗಿಲಲ್ಲಿ ಗುಬ್ಬಿ ಬಂದು ನಿಂತಳು. ಹಿಂದೆ ಅವಳ ಅಪ್ಪ, ಲಿಫ್ಟ್ ರಿಪೇರಿ ಮಾಡುವ ಅಳಿಯ. ಅವನ ಮುಖ ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ ನಿಂತುಹೋದವರ ಮುಖದ ಹಾಗಿತ್ತು.

"ಅಜ್ಜಿ, ಪಾಪು ಬಂತಾ?"

"ಇನ್ನೂ ಇಲ್ಲ ಕಂದ."

"ನಾನು ಹುಟ್ಟುವಾಗ್ಲೂ ಇಷ್ಟು ಹೊತ್ತಾಯ್ತಾ?"

"ನಿಂಗೆ ಇನ್ನೂ ಹೊತ್ತಾಗಿತ್ತು. ನೀನು ಊಟಕ್ಕೂ ನಿಧಾನ, ಹುಟ್ಟೋಕೂ ನಿಧಾನ."

ಗುಬ್ಬಿ ನಕ್ಕಳು. ಆಮೇಲೆ ತನ್ನ ಮೊಣಕೈ ಮಡಿಕೆಯಲ್ಲಿದ್ದ ಹಳೆಯ ಸೂಜಿ ಗುರುತನ್ನು ಬೆರಳಿಂದ ಸವರುತ್ತ, ಇಷ್ಟು ಹೊತ್ತು ಕಾದಿಟ್ಟಿದ್ದ ಪ್ರಶ್ನೆಯನ್ನು ಕೇಳಿದಳು. "ರಕ್ತ ತೆಗೆದ್ರೆ ಪಾಪುಗೆ ನೋಯುತ್ತಾ?"

"ಇಲ್ಲಮ್ಮ. ಪಾಪುನ ಯಾರೂ ಚುಚ್ಚಲ್ಲ. ಕತ್ತರಿಸಿದ ಬಳ್ಳಿಗೆ ಚುಚ್ಚೋದು. ಕತ್ತರಿಸಿದ ಕೂದಲಿಗೆ ನೋಯುತ್ತಾ ಹೇಳು?"

"ಹಾಗಾದ್ರೆ ಸರಿ. ನೋಯೋದಾದ್ರೆ ನಂಗೆ ಬೇಡ. ನಂಗಾದ್ರೆ ಅಭ್ಯಾಸ ಇದೆ, ಅದು ಚಿಕ್ಕದು." ಹೀಗೆ ಹೇಳಿ ಅವಳು ಅಪ್ಪನ ಕಡೆ ತಿರುಗಿದಳು. "ನಾನು ಕ್ಲಾಸಲ್ಲಿ ಎಲ್ರಿಗೂ ಹೇಳಿಬಿಟ್ಟಿದೀನಿ. ನಮ್ಮನೆ ಪಾಪು ಬರೋವಾಗ್ಲೇ ನಂಗೆ ಉಡುಗೊರೆ ತರುತ್ತೆ ಅಂತ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದಾಳೆ ನೋಡಿ ಅತ್ತೆ ನಿಮ್ಮ ಮೊಮ್ಮಗಳು," ಎಂದ ಅಳಿಯ. ನಗಲು ನೋಡಿದ, ಆಗಲಿಲ್ಲ. "ಲಿಫ್ಟಲ್ಲಿ ಸಿಕ್ಕಿಕೊಂಡವರನ್ನ ಹೊರಗೆ ತೆಗೆಯೋದು ಎಷ್ಟೋ ಸುಲಭ. ಹೀಗೆ ಕಾಯೋದು ನನ್ನಿಂದಾಗಲ್ಲ. ಆ ಹುಡುಗಿ ಸರಿಯಾಗಿ ಮಾಡ್ತಾಳೆ ತಾನೆ?"

"ನನ್ನ ಹತ್ರ ಕಲಿತೋಳು," ಎಂದಳು ತೂಕದಮ್ಮ. ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಒಳಗೆ ಮಾತ್ರ ಬೇರೆ ಮಾತು ಓಡುತ್ತಿತ್ತು. ಎಡಚಿಯ ಎಡಗೈ ಚಟ ಬಿಡಿಸಲು ಎಂಟು ತಿಂಗಳು ಹೆಣಗಿದ್ದಳು. ಕಾರಣವಿಲ್ಲದೆ ಅಲ್ಲ. ಈ ಕೆಲಸದಲ್ಲಿ ಚೀಲದ ಮೇಲಿನ ಲೇಬಲ್ ಎಂದರೆ ಚೀಲದ ಜೀವ. ಹೆಸರು ಅಳಿಸಿದರೆ ರಕ್ತ ಯಾರದೋ ಆಗಿಬಿಡುತ್ತದೆ. ಎಡಗೈಯಲ್ಲಿ ಬರೆಯುವವರ ಅಂಗೈ ಬರೆದ ಅಕ್ಷರದ ಮೇಲೇ ಹಾದು ಹೋಗುತ್ತದೆ, ಹಸಿ ಶಾಯಿ ಒರೆಸಿಕೊಳ್ಳುತ್ತದೆ. ಮೊದಲ ವಾರವೇ ಎರಡು ಲೇಬಲ್ ಹಾಳು ಮಾಡಿದ್ದ ಹುಡುಗಿಗೆ, "ಇನ್ನು ಈ ಕೋಣೆಯಲ್ಲಿ ನಿಂಗೆ ಎಡಗೈಯೇ ಇಲ್ಲ ಅಂದ್ಕೋ," ಎಂದು ಕಟ್ಟಪ್ಪಣೆ ಮಾಡಿದ್ದಳು. ಬರೆಯಲು ಹೇಳಿದ್ದು ಕ್ರಮೇಣ ಚುಚ್ಚಲೂ ಹಿಡಿಯಲೂ ಅಂಟಿಕೊಂಡಿತು. ಎಡಚಿ ಎದುರಾಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವಳದು ಬೈಗುಳಕ್ಕೆ ಹೆದರಿ ಅಡಗಿಕೊಂಡಿತ್ತು, ಅಷ್ಟೆ.

ಅಷ್ಟರಲ್ಲಿ ಒಳಗೆ ಅಳು ಕೇಳಿಸಿತು. ತೆಳ್ಳನೆಯದಲ್ಲ, ಒಳ್ಳೆ ಜೋರು ಅಳು. ಡಾಕ್ಟರಮ್ಮನ ದನಿ, "ಹೆಣ್ಣು!"

"ತಂಗಿ!" ಎಂದು ಗುಬ್ಬಿ ಕುಣಿದಳು. ಅಳಿಯ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡ. ತೂಕದಮ್ಮ ಮಾತ್ರ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದಳು. ಈಗ ಎಣಿಕೆ ಶುರುವಾಗಬೇಕಿತ್ತು.

ಮೊದಲ ಪಾಲು ಕೂಸಿನದು. ಇದು ಅವಳೇ ಹಾಕಿದ ಪಾಠ. ಮಗು ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸಿದರೆ ಚೀಲಕ್ಕೆ ರಕ್ತ ಹೆಚ್ಚು ಸಿಗುತ್ತದೆ, ನಿಜ. ಆದರೆ ಅದು ಮಗುವಿನ ಬಾಯಿಂದ ಕಿತ್ತ ತುತ್ತು. ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ನಿಧಾನವಾಗಿ ಅರವತ್ತು ಎಣಿಸಬೇಕು. ಅಷ್ಟು ಹೊತ್ತಿನಲ್ಲಿ ಬಳ್ಳಿ ಮಿಡಿದು ಮಗುವಿಗೆ ಕೊಡಬೇಕಾದದ್ದನ್ನು ಕೊಡುತ್ತದೆ. ಉಳಿದದ್ದು ಮಾತ್ರ ನಮ್ಮದು.

ಎಡಚಿಯ ದನಿ ಕಿಂಡಿಯಿಂದ ಬಂತು. "ಒಂದು. ಎರಡು. ಮೂರು."

ಎಂಥ ನಿಧಾನ! ಎಷ್ಟು ನಿಧಾನ ಕಲಿಸಿದ್ದಳೋ ಅಷ್ಟೇ ನಿಧಾನ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ತೂಕದಮ್ಮ ಕಿಂಡಿಗೆ ಕಿವಿಯಿಟ್ಟು ನಿಂತಿದ್ದಳು. ಪ್ರತಿ ಅಂಕಿಗೂ ಗುಬ್ಬಿಯ ಪಾಲಿನಿಂದ ಒಂದು ಹನಿ ಹೋದಂತೆ ಅನ್ನಿಸಿತು. ಬೇಗ ಎಣಿಸೇ, ಎರಡು ಅಂಕಿ ಹಾರಿಸೇ, ಯಾರಿಗೆ ಗೊತ್ತಾಗುತ್ತೆ, ಎಂದು ಅವಳ ಮನಸ್ಸು ಮೊದಲ ಸಲ ಕಳ್ಳ ಮಾತಾಡಿತು. ಹುಡುಗಿ ಒಂದನ್ನೂ ಹಾರಿಸಲಿಲ್ಲ. ನಲವತ್ತು ದಾಟಿತು, ಐವತ್ತು ದಾಟಿತು. ಅರವತ್ತು ಎಂದು ಕೇಳಿದಾಗ ತೂಕದಮ್ಮನಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ಹೆಮ್ಮೆಯೂ ಆಯಿತು.

ಐದು ನಿಮಿಷಕ್ಕೆ ಕಿಂಡಿ ತೆರೆದು ಚೀಲ ಬಂತು. ಬೆಚ್ಚಗಿತ್ತು, ಕಡುಗೆಂಪಾಗಿತ್ತು. ಬೇರೆ ದಿನವಾಗಿದ್ದರೆ ತೂಕದಮ್ಮನ ಕೈ ತಕ್ಕಡಿಗಿಂತ ಮೊದಲೇ ತೂಕ ಹೇಳುತ್ತಿತ್ತು. ಇವತ್ತು ಕೈ ಏನೂ ಹೇಳಲಿಲ್ಲ. ಚೀಲವನ್ನು ತಟ್ಟೆಯ ಮೇಲಿಟ್ಟು, ಕನ್ನಡಕ ಏರಿಸಿ ನೋಡಿದಳು. ನೂರ ನಲವತ್ತೊಂದು.

"ನೂರ ನಲವತ್ತೊಂದು!" ಎಂದು ಕಿರುಚಿದಳು. "ನೂರ ನಲವತ್ತೊಂದು ಕಣೇ ಹುಡುಗಿ! ನಾನೇ ಒಂದು ದಿನಾನೂ ಅಷ್ಟು ತೆಗೆದಿಲ್ಲ!"

ಅಳಿಯ ಗುಬ್ಬಿಯನ್ನು ಎತ್ತಿ ಗಿರ್ರನೆ ತಿರುಗಿಸಿದ. ಒಳಗಿಂದ ಮಗಳು ನಗುವುದೂ ಅಳುವುದೂ ಒಟ್ಟಿಗೆ ಕೇಳಿಸಿತು. "ಸಾಕು, ಸಾಕಷ್ಟಾಯ್ತು," ಎಂದರು ಡಾಕ್ಟರಮ್ಮ. "ಮಾಸು ಬಿತ್ತು. ಇದನ್ನ ಬಕೆಟ್ಟಿಗೆ ಹಾಕಿಬಿಡಮ್ಮ, ಮುಗೀತು."

"ಬೇಡ ಡಾಕ್ಟರ್," ಎಂದಿತು ಎಡಚಿಯ ದನಿ. "ಒಂದು ನಿಮಿಷ ಇರಲಿ. ಅಷ್ಟು ಬಂದಿರಲ್ಲ."

"ತಕ್ಕಡಿ ಹೇಳ್ತಿದೆಯಲ್ಲಮ್ಮ."

"ನನ್ನ ಕೈಗೆ ಅಷ್ಟು ಭಾರ ಅನ್ನಿಸಲಿಲ್ಲ." ಕಿಂಡಿಯಲ್ಲಿ ಅವಳ ಮುಖ ಕಾಣಿಸಿತು. ಮಾಸ್ಕಿನ ಮೇಲೆ ಎರಡು ಕಣ್ಣು ಮಾತ್ರ. "ಸಿಸ್ಟರ್, ಬೆಳಿಗ್ಗೆ ನಾನು ಖಾಲಿ ಚೀಲ ಇಟ್ಟು ಸೊನ್ನೆ ಮಾಡಿದ್ದೆ. ಅದು ಹಾಗೇ ಇದೆ ತಾನೆ?"

ತೂಕದಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇವಳು ಹುಟ್ಟುವ ಮೊದಲಿಂದ ತೂಗುತ್ತಿರುವವಳಿಗೆ ತೂಗುವುದು ಹೇಳಿಕೊಡುತ್ತಾಳೆಯೇ? "ನನ್ನ ತಕ್ಕಡೀನೇ ಸುಳ್ಳು ಅಂತೀಯಾ?"

"ತಕ್ಕಡಿ ಸುಳ್ಳು ಅನ್ನಲ್ಲ ಸಿಸ್ಟರ್. ನೀವೇ ಹೇಳ್ಕೊಟ್ಟಿದ್ದು. ಖಾಲಿ ಚೀಲ ಮೊದಲು, ರಕ್ತ ಆಮೇಲೆ. ಒಂದು ಖಾಲಿ ಚೀಲ ಇಟ್ಟು ನೋಡಿಬಿಡಿ."

ಸ್ಪಿರಿಟ್ಟಿನ ಹತ್ತಿ ಇನ್ನೂ ಮೇಜಿನ ಮೇಲೆ ಬಿದ್ದಿತ್ತು. ಅದನ್ನು ನೋಡಿದ ಕೂಡಲೇ ತೂಕದಮ್ಮನಿಗೆ ತಾನು ಪ್ಲಗ್ಗು ಕಿತ್ತದ್ದು ನೆನಪಾಯಿತು. ಪ್ಲಗ್ಗು ಕಿತ್ತರೆ ತಕ್ಕಡಿ ತಾನು ನೆನಪಿಟ್ಟುಕೊಂಡದ್ದನ್ನೆಲ್ಲ ಮರೆಯುತ್ತದೆ. ಮತ್ತೆ ಹಾಕಿದರೆ ಏನೂ ಅರಿಯದ ಕೂಸಿನ ಹಾಗೆ ಸೊನ್ನೆಯಿಂದ ಶುರು ಮಾಡುತ್ತದೆ. ಇದನ್ನು ಅವಳು ಎಷ್ಟು ಹುಡುಗಿಯರಿಗೆ ಹೇಳಿರಲಿಲ್ಲ! ಚೀಲವನ್ನೂ ಅದರೊಳಗಿನ ಔಷಧವನ್ನೂ ರಕ್ತದ ಲೆಕ್ಕಕ್ಕೆ ಸೇರಿಸಿದವರನ್ನು ಎಷ್ಟು ಸಲ ಎಲ್ಲರೆದುರು ನಿಲ್ಲಿಸಿ ಬೈದಿರಲಿಲ್ಲ! ಕಪಾಟಿನಿಂದ ಒಂದು ಖಾಲಿ ಚೀಲ ತೆಗೆದು ತಟ್ಟೆಯ ಮೇಲಿಟ್ಟಳು. ಅರವತ್ತನಾಲ್ಕು.

ನೂರ ನಲವತ್ತೊಂದರಲ್ಲಿ ಅರವತ್ತನಾಲ್ಕು ಹೋದರೆ ಎಪ್ಪತ್ತೇಳು.

"ಎಪ್ಪತ್ತೇಳು," ಎಂದಳು. ಈ ಸಲ ದನಿ ಕಿಂಡಿಯನ್ನೂ ದಾಟಲಿಲ್ಲ.

ಅಳಿಯ ಗುಬ್ಬಿಯನ್ನು ಕೆಳಗಿಳಿಸಿದ. ಅವನಿಗೆ ತಕ್ಕಡಿಯ ಸಂಗತಿ ಅರ್ಥವಾಗದಿದ್ದರೂ ಅತ್ತೆಯ ಮುಖ ಅರ್ಥವಾಯಿತು. "ಅಂದ್ರೆ ಸಾಲದಾ ಅತ್ತೆ?" ತೊಂಬತ್ತಕ್ಕೆ ಹದಿಮೂರು ಕಡಿಮೆ. ತನ್ನ ಮಾತು ನಂಬಿ ಆ ಮಾಸು ಬಕೆಟ್ಟಿಗೆ ಹೋಗಿದ್ದರೆ ಎಂದು ತೂಕದಮ್ಮ ನೆನೆದಳು.

ಬಾಗಿಲು ತಳ್ಳಿಕೊಂಡು ಎಡಚಿ ಬಂದಳು. ಕೈಯಲ್ಲಿ ಟ್ರೇ, ಟ್ರೇಯಲ್ಲಿ ಮಾಸು, ಇನ್ನೂ ಬಿಸಿಯಾಗಿ, ಬಳ್ಳಿ ಸಮೇತ. ಬರುತ್ತಲೇ "ಸ್ವಲ್ಪ ಆಚೆ ಇರಿ ಅಣ್ಣ, ಮಗೂನ ಕರ್ಕೊಂಡು ಹೋಗಿ," ಎಂದು ಅಳಿಯನಿಗೆ ಹೇಳಿ ಬಾಗಿಲು ಮುಚ್ಚಿದಳು. ಕೊಕ್ಕೆಯ ಸ್ಟ್ಯಾಂಡನ್ನು ಎಳೆದು, ಮಾಸನ್ನು ಬಟ್ಟೆಯ ಜೋಲಿಯಲ್ಲಿ ಮೇಲೆ ತೂಗುಹಾಕಿದಳು. ಬಳ್ಳಿ ಕೆಳಗೆ ಇಳಿಬಿದ್ದಿತು.

"ಎರಡನೇ ಸಲ ಚುಚ್ಚೋಣ ಸಿಸ್ಟರ್. ಮಾಸಿನಲ್ಲಿ ಇನ್ನೂ ಇದೆ. ಹೆಪ್ಪುಗಟ್ಟೋ ಮೊದಲು ಏಳೆಂಟು ನಿಮಿಷ ಸಿಗುತ್ತೆ."

ಎರಡನೇ ಸಲ ಚುಚ್ಚುವುದೆಂದರೆ ತೂಕದಮ್ಮನಿಗೆ ಆಗದು. "ಒಂದೇ ಸಲಕ್ಕೆ ತೆಗೆಯಲು ಬರದವರು ಮಾಸು ನೇತುಹಾಕಿ ಹಿಂಡ್ತಾರೆ," ಎಂದು ಬೇರೆ ಆಸ್ಪತ್ರೆಯವರನ್ನು ಆಡಿಕೊಂಡು ನಕ್ಕವಳು. ಎಡಚಿಗೆ ಅದನ್ನು ಅವಳು ಒಂದೇ ಒಂದು ಸಲ, ಅದೂ ಇಂಥದನ್ನು ಮಾಡಬಾರದು ಎಂದು ಹೇಳುವುದಕ್ಕಾಗಿ ತೋರಿಸಿದ್ದಳು. ಹುಡುಗಿ 'ಮಾಡಬಾರದು' ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಕಲಿತುಕೊಂಡಿದ್ದಳು.

ಎಡಚಿ ಬಳ್ಳಿಯನ್ನು ಔಷಧದಿಂದ ಒರೆಸಿ, ಹೊಸ ಚೀಲದ ಸೂಜಿಯನ್ನು ಬಲಗೈಗೆ ತಗೊಂಡಳು. ಖಾಲಿಯಾಗುತ್ತ ಬಂದಿದ್ದ ನರ ಚಪ್ಪಟೆಯಾಗಿತ್ತು. ಸೂಜಿಯ ಮೊನೆ ಪಕ್ಕಕ್ಕೆ ಜಾರಿತು. ಮತ್ತೊಮ್ಮೆ ಹಿಡಿದಳು, ಮತ್ತೆ ಜಾರಿತು. ಗಡಿಯಾರದಲ್ಲಿ ಎರಡು ನಿಮಿಷ ಹೋಗಿತ್ತು.

"ಸಿಸ್ಟರ್," ಎಂದಳು ಪಿಸುದನಿಯಲ್ಲಿ, "ನೀವೇ ಮಾಡಿಬಿಡಿ. ಇಲ್ಲಿ ಕೆಂಪು ಗೆರೆ ಇಲ್ಲ. ಯಾರೂ ನೋಡ್ತಿಲ್ಲ."

ತೂಕದಮ್ಮ ಕೈ ಚಾಚಿದಳು. ಮೂವತ್ತೊಂದು ವರ್ಷದ ಕೈ, ಬ್ಯಾಂಕಿನವರು ಹೆಸರಿಟ್ಟು ಗುರುತಿಸುವ ಕೈ. ಸೂಜಿಯ ಹತ್ತಿರ ಬರುತ್ತಿದ್ದಂತೆ ಅದು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿರುವುದನ್ನು ಇಬ್ಬರೂ ನೋಡಿದರು. ತೂಕದಮ್ಮ ಅದನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು. ನಿಯಮ ಸುಮ್ಮನೆ ಮಾಡಿದ್ದಲ್ಲ.

"ಇದು ಅಜ್ಜಿ ಕೈ," ಎಂದಳು. "ಇದರಿಂದ ಆಗಲ್ಲ. ನೀನೇ ಮಾಡು."

"ನನ್ನ ಕೈಲೂ ಆಗ್ತಿಲ್ವಲ್ಲ ಸಿಸ್ಟರ್."

"ಅದು ನಿನ್ನ ಕೈಯಲ್ಲ ಕಣೇ, ನಾನು ನಿಂಗೆ ಅಂಟಿಸಿದ ಕೈ. ನಿನ್ನ ಕೈ ಯಾವುದೋ ಅದರಲ್ಲಿ ಮಾಡು."

ಎಡಚಿ ಅವಳ ಮುಖ ನೋಡಿದಳು. ಗೇಲಿಯೋ ಬೈಗುಳವೋ ಎಂದು ಹುಡುಕಿದಳೇನೋ, ಎರಡೂ ಸಿಗಲಿಲ್ಲ. ಸೂಜಿಯನ್ನು ಎಡಗೈಗೆ ಬದಲಾಯಿಸಿದಳು. ಬದಲಾಯಿಸಿದ ಕೂಡಲೇ ಅವಳು ನಿಂತ ರೀತಿಯೇ ಬೇರೆಯಾಯಿತು, ಹೆಗಲು ಇಳಿಯಿತು, ಉಸಿರು ಹದಕ್ಕೆ ಬಂತು. ಬಲಗೈ ಬೆರಳುಗಳಿಂದ ಬಳ್ಳಿಯನ್ನು ಮೆಲ್ಲಗೆ ಹಿಡಿದು, ಎಡಗೈಯಲ್ಲಿ ಒಂದೇ ಸಲಕ್ಕೆ ಚುಚ್ಚಿದಳು. ಎಷ್ಟು ಸರಾಗವಾಗಿ ಎಂದರೆ, ತೂಕದಮ್ಮನಿಗೆ ತನ್ನ ಪ್ರಾಯದ ಕೈ ನೆನಪಾಯಿತು. ನಳಿಗೆಯಲ್ಲಿ ಒಂದು ಕೆಂಪು ಎಳೆ ಇಳಿಯತೊಡಗಿತು.

"ಬಂತು," ಎಂದಳು ಎಡಚಿ.

"ಬಂತು," ಎಂದಳು ತೂಕದಮ್ಮ.

ಚೀಲವನ್ನು ತೊಟ್ಟಿಲಿನಂತೆ ತೂಗುವವರು ಬೇಕಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಯಾರಿಗೆ ಬೇಕಾದರೂ ಕೊಡುವ ಕೆಲಸ ಅದು. ತೂಕದಮ್ಮ ಸ್ಟ್ಯಾಂಡಿನ ಬುಡದಲ್ಲಿ ನೆಲದ ಮೇಲೆ ಕೂತು, 'ಅಯ್ಯಮ್ಮಾ' ಎಂದು ಮಂಡಿ ಮಡಿಸಿ, ಎರಡೂ ಅಂಗೈಯಲ್ಲಿ ಚೀಲ ಹಿಡಿದು ತೂಗಿದಳು. ನಡುಗುವ ಕೈ ತೂಗುವುದಕ್ಕೆ ಅಡ್ಡಿಯಾಗಲಿಲ್ಲ. ಮೇಲೆ ಎಡಚಿ ಮಾಸನ್ನು ಜೋಲಿಯ ಸಮೇತ ಸ್ವಲ್ಪ ಸ್ವಲ್ಪವೇ ಒತ್ತುತ್ತಿದ್ದಳು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಹಳ್ಳ ಬೇಡ, ಹದಿಮೂರು ಗ್ರಾಂ ಸಾಕು ಎಂದು ತೂಕದಮ್ಮ ಪ್ರತಿ ಹನಿಗೂ ಬೇಡಿಕೊಂಡಳು. ಎಂಟು ತಿಂಗಳು ಈ ಹುಡುಗಿಯ ಒಳ್ಳೆಯ ಕೈಯನ್ನು ತಾನೇ ಕಟ್ಟಿಹಾಕಿದೆನಲ್ಲ, ಒಳಗಿನ ಎಪ್ಪತ್ತೇಳು ಇದೇ ಕೈಯಲ್ಲಿ ತೆಗೆದಿದ್ದರೆ ಎಷ್ಟಾಗುತ್ತಿತ್ತೋ ಎಂದುಕೊಂಡಳು. ಆ ಅಪ್ಪಣೆ ಲೇಬಲ್ ಬರೆಯುವುದಕ್ಕಷ್ಟೇ ಬೇಕಿತ್ತು, ಸೂಜಿಗಲ್ಲ.

ನಳಿಗೆ ಬೆಳ್ಳಗಾಯಿತು. ಎಡಚಿ ಕ್ಲಿಪ್ ಹಾಕಿ, "ಆಯ್ತು ಸಿಸ್ಟರ್, ಇನ್ನು ಬರಲ್ಲ," ಎಂದಳು.

ತೂಕದಮ್ಮ ಮೇಜು ಹಿಡಿದು ಎದ್ದಳು. ಖಾಲಿ ಚೀಲ ಇಟ್ಟು ಸೊನ್ನೆ ಮಾಡಿದಳು. ತೆಗೆದು, ಮತ್ತೆ ಇಟ್ಟು, ಸೊನ್ನೆ ಇದೆಯೆಂದು ಇನ್ನೊಮ್ಮೆ ನೋಡಿದಳು. "ನೀನೂ ನೋಡು," ಎಂದು ಎಡಚಿಗೆ ತೋರಿಸಿದಳು. ಆಮೇಲೆ ಎರಡನೆಯ ಚೀಲವನ್ನು ಇಟ್ಟು, ತಾನು ಕಣ್ಣು ಮುಚ್ಚಿಕೊಂಡಳು.

"ಇಪ್ಪತ್ತೊಂದು ಸಿಸ್ಟರ್."

"ಸರಿಯಾಗಿ ನೋಡು."

"ಇಪ್ಪತ್ತೊಂದೇ. ಎಪ್ಪತ್ತೇಳು, ಇಪ್ಪತ್ತೊಂದು. ತೊಂಬತ್ತೆಂಟು."

ಮೊದಲ ಚೀಲವನ್ನೂ ತೂಕದಮ್ಮ ಮತ್ತೆ ಇಟ್ಟು ನೋಡಿದಳು. ಎಪ್ಪತ್ತೇಳು. ಈ ಸಲ ಕಿರುಚಲಿಲ್ಲ. ಬಾಗಿಲು ತೆರೆದು, ಆಚೆ ಗೋಡೆಗೆ ಅಂಟಿ ನಿಂತಿದ್ದ ಅಳಿಯನ ಹತ್ತಿರ ಹೋಗಿ, "ಮೊದಲು ನಾನು ಹೇಳಿದ್ದು ತಪ್ಪು. ನನ್ನದೇ ತಪ್ಪು, ತಕ್ಕಡಿದಲ್ಲ," ಎಂದಳು. "ಈಗ ತೊಂಬತ್ತೆಂಟು ಇದೆ. ಸಾಕಾಗುತ್ತೆ. ತೆಗೆದವಳು ಆ ಹುಡುಗಿ." ಅಳಿಯ ಬಾಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಂಡು, "ನನ್ನ ಕೈ ಯಾಕೆ ಹಿಡೀತೀರಿ? ಅವಳದು ಹಿಡೀರಿ," ಎಂದಳು. ಜೀವಮಾನದಲ್ಲಿ ತಾನು ತೆಗೆದ ಯಾವ ನೂರಕ್ಕೂ, ನೂರಿಪ್ಪತ್ತಕ್ಕೂ ಇಷ್ಟು ಹೆಮ್ಮೆಯಾಗಿರಲಿಲ್ಲ.

ಪೆಟ್ಟಿಗೆ ಒಯ್ಯುವ ಡ್ರೈವರ್ ಆಗಲೇ ಬಂದು ಕಾಯುತ್ತಿದ್ದ. "ಐಸ್ ಗೀಸ್ ಹಾಕ್ಬೇಡಪ್ಪ, ಇದು ಮೀನಲ್ಲ," ಎಂದು ತೂಕದಮ್ಮ ಎಂದಿನಂತೆ ಹೇಳಿದಳು. "ಗೊತ್ತು ಸಿಸ್ಟರ್, ಹತ್ತು ವರ್ಷದಿಂದ ಇದೇ ಹೇಳ್ತಿದೀರಿ," ಎಂದು ಅವನೂ ಎಂದಿನಂತೆ ಹೇಳಿದ. ಇನ್ನು ಎರಡನೆಯ ಚೀಲಕ್ಕೆ ಲೇಬಲ್ ಅಂಟಿಸುವುದೊಂದು ಬಾಕಿ. ತಾಯಿಯ ಹೆಸರು, ಹುಟ್ಟಿದ ಹೊತ್ತು ಆಗಲೇ ಅಚ್ಚಾಗಿದ್ದವು. ಕೆಳಗೆ ಎರಡು ಸಾಲು ಖಾಲಿ: ಸಂಗ್ರಹಿಸಿದವರು, ತೂಗಿದವರು.

ಅಭ್ಯಾಸಬಲದಿಂದ ತೂಕದಮ್ಮನ ಪೆನ್ನು ಮೊದಲ ಸಾಲಿನ ಮೇಲೆ ಹೋಗಿ ನಿಂತಿತು. ಅಲ್ಲೇ ಒಂದು ಗಳಿಗೆ ನಿಂತು, ಕೆಳಗಿನ ಸಾಲಿಗೆ ಇಳಿಯಿತು. ತೂಗಿದವರು ಎಂಬಲ್ಲಿ ತನ್ನ ಹೆಸರು ಬರೆದು ಅವಳು ಪೆನ್ನನ್ನು ಎಡಚಿಯ ಮುಂದೆ ಹಿಡಿದಳು. ಎಡಚಿ ಬಲಗೈ ಚಾಚಿದಳು.

ತೂಕದಮ್ಮ ಪೆನ್ನು ಕೊಡಲಿಲ್ಲ. ಹುಡುಗಿಯ ಎಡಗೈಯನ್ನು ಹಿಡಿದೆತ್ತಿ, ಪೆನ್ನನ್ನು ಅದರೊಳಗಿಟ್ಟು, ಬೆರಳು ಮಡಿಸಿದಳು.

ಎಡಚಿ ಬರೆದಳು. ನುಣುಪಾದ ಕಾಗದದ ಮೇಲೆ ಶಾಯಿ ಹಸಿಯಾಗಿ ಮಿನುಗಿತು. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಅವಳ ಅಂಗೈ ಮೊದಲ ಅಕ್ಷರದ ಅಂಚನ್ನು ಸವರಿಬಿಟ್ಟಿತು. "ಅಯ್ಯೋ," ಎಂದು ನಾಲಿಗೆ ಕಚ್ಚಿಕೊಂಡಳು. "ಬೇರೆ ಲೇಬಲ್ ತಗೊಳ್ಲಾ ಸಿಸ್ಟರ್?"

"ಯಾಕೆ? ಓದೋಕೆ ಬರುತ್ತಲ್ಲ," ಎಂದ ತೂಕದಮ್ಮ ಲೇಬಲನ್ನು ಎರಡು ಬೆರಳಲ್ಲಿ ಎತ್ತಿ ಬಾಯಿಯ ಹತ್ತಿರ ಹಿಡಿದು, ಬಿಸಿ ಹಾಲು ಆರಿಸುವ ಹಾಗೆ ಊದತೊಡಗಿದಳು. ಗುಬ್ಬಿ ಬಂದು ಅಜ್ಜಿಯ ಪಕ್ಕದಲ್ಲಿ ತುದಿಗಾಲ ಮೇಲೆ ನಿಂತು, ಅದೇನೆಂದು ಕೇಳದೆ, ತಾನೂ ಕೆನ್ನೆಯುಬ್ಬಿಸಿ ಊದಿದಳು.